ಸೂಲಿಬೆಲೆ ರಸ್ತೆಯಲ್ಲಿ ಓಡುತ್ತಿದ್ದವಳು

ನನ್ನ ಹೆಂಡತಿ ಹೊಸಕೋಟೆಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದಳು. ಬೆಳಗಿನ ಹೊತ್ತು ದೂರದೂರಕ್ಕೆ ಓಡುತ್ತಿದ್ದಳು. ಈ ಎರಡೂ ನಮ್ಮ ಸೂಲಿಬೆಲೆಯವರಿಗೆ ಅರ್ಥವಾಗುತ್ತಿರಲಿಲ್ಲ. ಮನಃಶಾಸ್ತ್ರದ ಮೇಡಂ ಎಂದರೆ ಹುಚ್ಚು ಬಿಡಿಸುವವಳು ಎಂದುಕೊಂಡಿದ್ದರು. ಓಡುವುದನ್ನು ಕಂಡಮೇಲೆ ಅದು ಅವಳಿಗೇ ಹಿಡಿದಿದೆ ಎಂದರು. ಡೇರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರು ಮೊದಮೊದಲು ಅವಳನ್ನು ತಡೆದು ಕೇಳುತ್ತಿದ್ದರು.

"ಯಾರಾನಾ ಅಟ್ಟುಸ್ಕೊಂಡ್ ಬರ್ತಾವ್ರಾ ಮೇಡಂ?"

"ಇಲ್ಲಾ ಅಣ್ಣ, ನಾನೇ ಅಟ್ಟುಸ್ಕೊಂಡು ಹೋಗ್ತಿದೀನಿ. ಯಾರೂ ಸಿಕ್ತಿಲ್ಲ" ಎಂದು ನಗುತ್ತ ಮುಂದೆ ಓಡುತ್ತಿದ್ದಳು.

ನಾನು ಪಶುವೈದ್ಯ. ನಸುಕಿನಲ್ಲೇ ಯಾರದೋ ಹಸುವಿಗೆ ಕೆಚ್ಚಲು ಬಾವು ಎಂದು ಬೈಕ್ ಹತ್ತುತ್ತಿದ್ದೆ. ಎಷ್ಟೋ ಸಲ ದಾರಿಯಲ್ಲಿ ಅವಳು ಎದುರಾಗುತ್ತಿದ್ದಳು, ಬೆವರಿಗೆ ಹಣೆಗೂದಲು ಅಂಟಿಕೊಂಡು, ಉಸಿರಿಗೆ ತಕ್ಕಂತೆ ತುಟಿ ಅಲುಗುತ್ತ. ನಾನು ಹಾರ್ನ್ ಮಾಡುತ್ತಿದ್ದೆ. ಅವಳು ಕೈ ಎತ್ತುತ್ತಿದ್ದಳು, ನಿಲ್ಲುತ್ತಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಹಗಲೂ ರಾತ್ರಿ ಪವರ್‌ಲೂಮ್ ಸದ್ದಿನಲ್ಲೇ ಓದಿ, ಅದರಲ್ಲೇ ನಿದ್ದೆ ಮಾಡಿ ಬೆಳೆದವಳು. "ಓಡುವಾಗ ಮಾತ್ರ ತಲೆ ಒಳಗಿನ ಮಗ್ಗ ನಿಲ್ಲುತ್ತೆ ಕಣ್ರೀ" ಎನ್ನುತ್ತಿದ್ದಳು.

ಸೊಸೆ ಪ್ಯಾಂಟು ಹಾಕಿಕೊಂಡು ಊರ ಮುಂದೆ ಓಡುವುದು ಅಮ್ಮನಿಗೆ ಸಂಕಟವಾಗಿತ್ತು. ಬಹಳ ಕಾಲ ಮುಖ ಗಂಟು ಹಾಕಿಕೊಂಡೇ ಇದ್ದರು. ಒಂದು ದಿನ ಪಕ್ಕದ ಮನೆಯಾಕೆ ಏನೋ ಕೊಂಕು ಆಡಿದಾಗ ಮಾತ್ರ ಅಂಗಳಕ್ಕೆ ಬಂದು, "ನಮ್ ಹುಡ್ಗಿ ಓಡ್ತಾಳೆ, ನಿಂಗ್ಯಾಕವ್ವ ಕಾಲ್ನೋವು?" ಎಂದುಬಿಟ್ಟರು. ಅವತ್ತಿನಿಂದ ಅವಳು ಓಡಿ ಬರುವ ಹೊತ್ತಿಗೆ ರಾಗಿ ಮಾಲ್ಟ್ ಸಿದ್ಧವಾಗಿರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆ ಬಗ್ಗೆ ಅಮ್ಮ ಅವಳ ಎದುರು ಒಂದು ಮಾತೂ ಆಡಲಿಲ್ಲ.

ಕ್ರಮೇಣ ಜನ ಅವಳನ್ನು ಹುಡುಕಿಕೊಂಡು ಮನೆಗೆ ಬರತೊಡಗಿದರು. ಬೆಳೆದ ಮಗನನ್ನು ಬೈಕ್ ಅಪಘಾತದಲ್ಲಿ ಕಳೆದುಕೊಂಡ ಹೆಂಗಸೊಬ್ಬರು ಬಂದು ಜಗುಲಿಯ ಮೇಲೆ ಸುಮ್ಮನೆ ಕೂತಿದ್ದು ನೆನಪಿದೆ. ನನ್ನ ಹೆಂಡತಿ ಏನೂ ಕೇಳಲಿಲ್ಲ. "ಬನ್ನಿ ಅಕ್ಕ, ಕೆರೆ ಏರಿ ಮೇಲೆ ಒಂದ್ ಸುತ್ತು ಹೋಗ್ಬರೋಣ" ಎಂದು ಕರೆದುಕೊಂಡು ಹೋದಳು. ಕತ್ತಲಾಗುವ ಮುಂಚೆ ಇಬ್ಬರೂ ತಿರುಗಿ ಬಂದಾಗ ಆಕೆಯ ಕಣ್ಣು ಊದಿಕೊಂಡಿತ್ತು, ಆದರೆ ಊಟ ಹಾಕಿದರೆ ಉಂಡರು. ಕೆರೆ ಏರಿಗೆ ಯಾಕೆ ಎಂದು ಆಮೇಲೆ ಕೇಳಿದೆ. "ಎದುರುಬದುರು ಕೂತ್ರೆ ಮುಖ ನೋಡ್ಬೇಕಾಗುತ್ತೆ. ಪಕ್ಕಪಕ್ಕ ನಡೆದ್ರೆ ದಾರಿ ನೋಡ್ಕೊಂಡು ಹೇಳ್ಬೋದು" ಎಂದಳು.

ಒಂದು ಬೆಳಿಗ್ಗೆ ಓಡಿ ಬಂದವಳು ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು.

"ರೀ, ನನ್ ಬಲಗಾಲಿನ ಸದ್ದು ಬೇರೆ ಥರ ಬರ್ತಿದೆ."

ಶೂ ಹಳತಾಗಿರಬೇಕು ಎಂದೆ. ಹೊಸದು ತಂದೆವು. ಸದ್ದು ಹಾಗೇ ಇತ್ತು. ಆಮೇಲೆ ಮನೆಯೊಳಗೆ ಚಪ್ಪಲಿ ಕಾಲಿನಿಂದ ಜಾರಿದರೂ ಅವಳಿಗೆ ತಿಳಿಯದಾಯಿತು. ಒಂದು ದಿನ ಸಮತಟ್ಟಾದ ಟಾರು ರಸ್ತೆಯಲ್ಲಿ ಮುಗ್ಗರಿಸಿ ಬಿದ್ದು, ಡೇರಿಯವರೇ ಆಟೋದಲ್ಲಿ ಕರೆತಂದರು. ಬೆಂಗಳೂರಿನಲ್ಲಿ ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರು ನನ್ನ ಮುಖ ನೋಡಿಕೊಂಡು ಮಾತು ಶುರು ಮಾಡಿದರು. ಅವಳು ತಡೆದಳು.

"ಡಾಕ್ಟ್ರೇ, ನನಗೆ ಹೇಳಿ. ಕಾಲು ನಂದು."

ಅವರು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕಾಲು ಹೋಗುತ್ತದೆ, ಕೈ ಹೋಗುತ್ತದೆ, ಮಾತು, ನುಂಗುವುದು, ಕೊನೆಗೆ ಉಸಿರು. ಬುದ್ಧಿ ಬಹುತೇಕ ಕೊನೆಯವರೆಗೂ ಹಾಗೇ ಇರುತ್ತದೆ. ಗುಣಪಡಿಸುವ ಮದ್ದಿಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದು ಕಾರಿನಲ್ಲಿ ಕೂತಾಗ ಅವಳು ಕೇಳಿದ್ದು ಹೊತ್ತೆಷ್ಟು ಎಂದು. "ಮಧ್ಯಾಹ್ನ ಕ್ಲಾಸಿದೆ, ಕಾಲೇಜ್ ಹತ್ರ ಬಿಡಿ." ಕಾರನ್ನು ಹೊಸಕೋಟೆಯ ಕಡೆ ತಿರುಗಿಸಿದೆ. ಅವಳು ಗೋಡೆ ಹಿಡಿದುಕೊಂಡು ಕ್ಲಾಸಿಗೆ ಹೋದಳು. ನಾನು ಹೊಂಗೆ ಮರದ ಕೆಳಗೆ ಕಾರಿನಲ್ಲೇ ಕೂತೆ. ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದು ಅವತ್ತಿನ ಪಾಠ. ತೆರೆದ ಕಿಟಕಿಯಿಂದ ಅವಳ ದನಿ ಕೇಳಿಸುತ್ತಿತ್ತು. ಒಂದೆರಡು ಸಲ ಇಡೀ ಕ್ಲಾಸು ನಕ್ಕಿತು. ಕ್ಲಾಸು ಮುಗಿಸಿ ಬಂದು, ಸೂಲಿಬೆಲೆ ರಸ್ತೆಗೆ ತಿರುಗಿದ ಮೇಲೆ, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅವತ್ತು ಬಿದ್ನಲ್ಲ, ಅದೇ ಕೊನೇ ಓಟ ಅಂತ ಗೊತ್ತಾಗ್ಲಿಲ್ವಲ್ರೀ. ಗೊತ್ತಿದ್ದಿದ್ರೆ ಒಂಚೂರು ನಿಧಾನಕ್ಕೆ, ಎಲ್ಲಾ ನೋಡ್ಕೊಂಡು ಓಡ್ತಿದ್ದೆ."

ಆಮೇಲಿನದು ಡಾಕ್ಟರು ಹೇಳಿದ ಕ್ರಮದಲ್ಲೇ ನಡೆಯಿತು. ಮೊದಲು ಕೋಲು, ನಂತರ ಗಾಲಿಕುರ್ಚಿ. ಕುರ್ಚಿಯಲ್ಲೇ ಕೂತು ಕೆಲವು ತಿಂಗಳು ಪಾಠ ಮಾಡಿದಳು. ನಾಲಿಗೆ ತೊಡರತೊಡಗಿದಾಗ, ತನ್ನ ಮಾತು ಅರ್ಥವಾಗದೆಯೂ ಹುಡುಗರು ಅರ್ಥವಾದವರಂತೆ ತಲೆಯಾಡಿಸುತ್ತಿದ್ದಾರೆ ಎಂದು ಗೊತ್ತಾದ ದಿನ ಕೆಲಸ ಬಿಟ್ಟಳು. ಅಮ್ಮ ಮುದ್ದೆಯನ್ನು ಗಂಜಿಯಂತೆ ತೆಳ್ಳಗೆ ಮಾಡಿ, ಸಾರಿನಲ್ಲಿ ಕದಡಿ, ಚಮಚದಲ್ಲಿ ಉಣಿಸುತ್ತಿದ್ದರು. ಮಾತು ಪೂರ್ತಿ ನಿಂತಮೇಲೆ ನಾನು ಒಂದು ರಟ್ಟಿನ ಮೇಲೆ ವರ್ಣಮಾಲೆ, ಕಾಗುಣಿತದ ಗುರುತುಗಳನ್ನು ಬರೆದೆ. ನಾನು ಅಕ್ಷರದಿಂದ ಅಕ್ಷರಕ್ಕೆ ಬೆರಳು ಸರಿಸುವುದು, ಬೇಕಾದ ಅಕ್ಷರ ಬಂದಾಗ ಅವಳು ಕಣ್ಣು ಮುಚ್ಚುವುದು. ಒತ್ತಕ್ಷರ ಬಂದರೆ ಇಬ್ಬರಿಗೂ ಸುಸ್ತು. ಹಾಗಾಗಿ ಅವಳು ಸಣ್ಣ ಸಣ್ಣ ಪದಗಳನ್ನೇ ಆರಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಗಂಜಿ ನೆತ್ತಿಗೇರಿ ಉಸಿರು ಕಟ್ಟಿತು. ಮುಖ ನೀಲಿಯಾಯಿತು. ಅಮ್ಮ ದೇವರ ಹೆಸರು ಕೂಗುತ್ತ ನಿಂತುಬಿಟ್ಟರು. ಹೇಗೋ ಬೆನ್ನು ತಟ್ಟಿ, ಬಾಯಿಯೊಳಗಿನದನ್ನೆಲ್ಲ ತೆಗೆದು ಉಳಿಸಿಕೊಂಡೆ. ಆಮೇಲೆ ಅವಳ ಸೀರೆ ಬದಲಿಸುತ್ತ, ಏನೂ ಆಗಿಯೇ ಇಲ್ಲವೆಂಬಂತೆ, ಬೆಳಿಗ್ಗೆ ನೋಡಿದ ಹೋರಿಯೊಂದು ನನ್ನನ್ನು ಒದೆಯಲು ಬಂದ ಕಥೆಯನ್ನು ಜೋರಾಗಿ ಹೇಳಿ ನಗುತ್ತಿದ್ದೆ. ಅವಳು ರಟ್ಟಿನ ಕಡೆ ಕಣ್ಣು ಹೊರಳಿಸಿದಳು.

ಅ. ಳ. ಕೊಂಬು.

"ಯಾಕೆ, ಅಳು ಬರ್ತಿದೆಯಾ? ಎಲ್ಲಾದ್ರೂ ನೋಯ್ತಿದೆಯಾ?"

ಇಲ್ಲ ಎನ್ನುವುದಕ್ಕೆ ಎರಡು ಸಲ ರೆಪ್ಪೆ ಬಡಿದಳು. ಮತ್ತೆ ಬೆರಳಾಡಿಸಿದೆ. ಮತ್ತೆ ಅದೇ. ಅ, ಳ, ಕೊಂಬು. ಅಮ್ಮನನ್ನು ಕರೆಯಲೇ ಎಂದೆ. ಇಲ್ಲ. ಮಲಗಿಸಲೇ ಎಂದೆ. ಇಲ್ಲ. ಅವಳು ರಟ್ಟು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ತಿಳಿಯಿತು. ಅವಳು ತನ್ನ ವಿಷಯ ಹೇಳುತ್ತಿರಲಿಲ್ಲ. ನನಗೆ ಹೇಳುತ್ತಿದ್ದಳು, ಅಳು ಎಂದು.

ಕಾಯಿಲೆ ಬಂದಾಗಿನಿಂದ ನಾನು ಅವಳೆದುರು ಅತ್ತಿರಲಿಲ್ಲ. ಅವತ್ತು ಅವಳ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಮೈಲಿಗಟ್ಟಲೆ ಓಡಿದ ಆ ತೊಡೆಗಳಲ್ಲಿ ಆಗ ಬರೀ ಮೂಳೆ ಕೈಗೆ ಸಿಗುತ್ತಿತ್ತು. ತಲೆ ಸವರಲು ಅವಳಿಗೆ ಕೈ ಬರುತ್ತಿರಲಿಲ್ಲ. ಅಮ್ಮ ಬಾಗಿಲಿಗೆ ಬಂದು ನೋಡಿ, ಸದ್ದಿಲ್ಲದೆ ಅಡುಗೆಮನೆಗೆ ಹೋದರು.

ಮಾಗಿಯ ಒಂದು ಬೆಳಿಗ್ಗೆ, ಅಮ್ಮ ಅವಳ ತಲೆ ಬಾಚುತ್ತಿದ್ದಾಗಲೇ ಹೋಗಿಬಿಟ್ಟಳು. ಅಮ್ಮನಿಗೆ ತಕ್ಷಣ ತಿಳಿಯಲಿಲ್ಲ. ಜಡೆ ಪೂರ್ತಿ ಹೆಣೆದು ಮುಗಿಸಿದ್ದರು.

ಎರಡು ವಾರದ ನಂತರ ಕೆಲಸಕ್ಕೆ ಹೋದೆ. ಮೊದಲ ಕರೆ ಜಡಿಗೇನಹಳ್ಳಿಯಿಂದ. ಕರು ಅಡ್ಡ ತಿರುಗಿ ಹಸು ಒದ್ದಾಡುತ್ತಿತ್ತು. ಬಹಳ ಹೊತ್ತು ಹೆಣಗಿ ಜೀವಂತ ಕರುವನ್ನೇ ಎಳೆದೆ. ಕೈ ತೊಳೆಯಲು ನೀರು ಹೊಯ್ಯುತ್ತ ಹಸುವಿನ ಯಜಮಾನರು ಕೇಳಿದರು, "ನಮ್ ಹುಡ್ಗೀಗೆ ಪಾಠ ಹೇಳಿದ್ರಲ್ಲ ಮೇಡಂ, ಹುಷಾರಿಲ್ಲ ಅಂದಿದ್ರು. ಈಗ ಹೆಂಗವ್ರೆ ಡಾಕ್ಟ್ರೇ?"

"ಚೆನ್ನಾಗವ್ಳೆ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಬಾಯಿಗೆ ಅದೇ ಬಂತು.

ಅವರಿಗೆ ಸಂತೋಷವಾಯಿತು. ಬಲವಂತ ಮಾಡಿ ಒಂದು ತಂಬಿಗೆ ಗಿಣ್ಣದ ಹಾಲು ಕೊಟ್ಟರು. "ಮೇಡಂಗೆ ಕೊಡಿ, ಶಕ್ತಿ ಬತ್ತದೆ."

ಮನೆಗೆ ತಂದು ಅಮ್ಮನಿಗೆ ಕೊಟ್ಟು, ನಡೆದದ್ದನ್ನು ಹೇಳಿದೆ. ಅಮ್ಮ ಹಾಲನ್ನು ಪಾತ್ರೆಗೆ ಬಗ್ಗಿಸಿದರು. ಆಮೇಲೆ ಬೆಲ್ಲ ಕುಟ್ಟಿ, ಏಲಕ್ಕಿ ಹಾಕಿ, ಹಬೆಯಲ್ಲಿ ಬೇಯಿಸಿದರು. ಗಿಣ್ಣು ಗಟ್ಟಿಯಾಗಿ, ಚೆನ್ನಾಗಿ ಬಂದಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಕೂತು ತಿಂದೆವು.