ಮಡಿಲ ತಗ್ಗು

ಆ ಬಡಾವಣೆಯ ಮಕ್ಕಳಿಗೆಲ್ಲ ಅವಳು ಪೆಟ್ಟಿಗೆ ಆಂಟಿ. ಹೆಗಲಿಗೊಂದು ಕಪ್ಪು ಚೀಲ, ಅದರಲ್ಲಿ ಹಳೆಯ ಮೆತ್ತನೆಯ ಬಟ್ಟೆ ಸುತ್ತಿದ ಆರು ಅಳತೆ ಪೆಟ್ಟಿಗೆ. ಒಂದೊಂದೂ ಎರಡು ಸೋಪು ಜೋಡಿಸಿಟ್ಟಷ್ಟು ದಪ್ಪ. ಅದನ್ನು ಪುಟ್ಟ ಬೆಲ್ಟಿನಲ್ಲಿ ಮಗುವಿನ ಸೊಂಟಕ್ಕೆ ಕಟ್ಟಬೇಕು, ಎರಡು ದಿನ ಬಿಡಬೇಕು, ಆಮೇಲೆ ಬಿಚ್ಚಿ ತಂದು, ಈ ಅಧ್ಯಯನ ನಡೆಸುವ ಕಚೇರಿಗೆ ಒಪ್ಪಿಸಬೇಕು. ಅಷ್ಟು ಹೊತ್ತೂ ಅದು ಕ್ಷಣಕ್ಷಣಕ್ಕೂ ಮಗುವಿನ ಸುತ್ತಲಿನ ರೇಡಿಯೊ ಅಲೆಗಳನ್ನು ಅಳೆದು ನೆನಪಿಟ್ಟುಕೊಳ್ಳುತ್ತದೆ. ಟವರಿನದು ಎಷ್ಟು, ವೈಫೈದು ಎಷ್ಟು, ಪಕ್ಕದಲ್ಲಿರುವ ಫೋನಿನದು ಎಷ್ಟು ಅಂತ ಬೇರೆ ಬೇರೆ ಲೆಕ್ಕ. ಮನೆಯವರ ಕೈಗೆ ಒಂದು ದಿನಚರಿ ಪುಸ್ತಕ ಕೊಡುತ್ತಾರೆ. ಮಗು ಯಾವಾಗ ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಅದರಲ್ಲಿ ಬರೆಯಬೇಕು.

ಏಳು ವರ್ಷದಿಂದ ಅವಳದು ಇದೇ ಕೆಲಸ. ಬಾಗಿಲು ತೆಗೆದ ತಾಯಂದಿರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಇದರಿಂದ ಮಗೂಗೆ ಏನಾದ್ರೂ ಆಗುತ್ತೇನ್ರೀ?" ಅವಳ ಉತ್ತರವೂ ಒಂದೇ. "ನಾನು ಎಷ್ಟಿದೆ ಅಂತ ಅಳೆಯೋಳು. ನನ್ನ ಕೇಳಿದ್ರೆ, ತಕ್ಕಡಿ ಹಿಡಿದವನನ್ನ ಹಣ್ಣು ಸಿಹಿನಾ ಅಂತ ಕೇಳಿದ ಹಾಗೆ." ತಾಯಂದಿರು ನಗುತ್ತಿದ್ದರು. ನಗಿಸಿ ಸಮಾಧಾನ ಮಾಡುವುದರಲ್ಲಿ ಅವಳದು ಎತ್ತಿದ ಕೈ. ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ವಿದ್ಯೆ ಮಾತ್ರ ಅವಳಿಗೆ ಬಂದಿರಲಿಲ್ಲ.

ಅವಳಿಗೂ ಒಬ್ಬ ಮಗಳು, ನಾಲ್ಕೂವರೆ ವರ್ಷ. ಮನೆಯಲ್ಲಿ ಕರೆಯುವುದು ಬೊಗಸೆ ಎಂದು. ದಿನ ತುಂಬುವ ಮೊದಲೇ ಹುಟ್ಟಿ, ಎರಡು ಕೈ ಜೋಡಿಸಿದರೆ ಅದರಲ್ಲೇ ಹಿಡಿಸುವಷ್ಟಿದ್ದಳು. ಆ ಹೆಸರಿಟ್ಟದ್ದು ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವರ ಮನೆ. ಮಕ್ಕಳಿಬ್ಬರೂ ದೊಡ್ಡವರಾಗಿ ಅವರವರ ದಾರಿ ಹಿಡಿದ ಮೇಲೆ, ಅವರು ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುತ್ತ ಮನೆಯಲ್ಲೇ ಇರುತ್ತಿದ್ದರು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಬೊಗಸೆ ಇರುವುದೂ ಅಲ್ಲೇ.

ಹೆರುವ ನೋವು ತನಗೆ, ಹೆಸರಿಡುವ ಭಾಗ್ಯ ಅವರಿಗೆ. ಹೊಟ್ಟೆಕಿಚ್ಚಿನ ಮೊದಲ ಕಿಡಿ ಅದೇ ಇರಬೇಕು. ಆಮೇಲೆ ದಿನಕ್ಕೊಂದು ಕಡ್ಡಿ ಬೀಳುತ್ತಲೇ ಹೋಯಿತು. ಬೆಳಿಗ್ಗೆ ಮೆಟ್ಟಿಲ ಹತ್ತಿರ ಕೈ ಬಿಟ್ಟರೆ ಸಾಕು, ಮಗು ಹಿಂದಿರುಗಿ ನೋಡದೆ ಓಡುತ್ತದೆ. ಸಂಜೆ ಕರೆದರೆ, "ಇನ್ನೂ ಐದು ನಿಮಿಷ" ಎನ್ನುತ್ತದೆ. ಶೂ ದಾರ ಕಟ್ಟುವುದನ್ನು ಕಲಿಸಿದ್ದು ದೊಡ್ಡಮ್ಮ, ಶಿಳ್ಳೆ ಹಾಕುವುದನ್ನು ಕಲಿಸಿದ್ದೂ ದೊಡ್ಡಮ್ಮ. ಕಳೆದ ತಿಂಗಳು ಜ್ವರ ಬಂದಾಗ ಅವಳು ಇಡೀ ರಾತ್ರಿ ಒದ್ದೆ ಬಟ್ಟೆ ಹಣೆಗಿಟ್ಟು ಕೂತಿದ್ದಳು. ಮಗು ಕಣ್ಣು ಮುಚ್ಚಿಕೊಂಡೇ ಕನವರಿಸಿತು, "ದೊಡ್ಡಮ್ಮಾ." ಆ ಒಂದು ಕೂಗು ಅವಳೆದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

ಎರಡು ರಸ್ತೆ ಆಚೆ ಒಂದು ಶಿಶುವಿಹಾರವಿತ್ತು. ಅದರ ಅರ್ಜಿ ತಂದು, ತುಂಬಿ, ಚೀಲದಲ್ಲಿಟ್ಟುಕೊಂಡಳು. ಕೊಡಲು ಬುಧವಾರ ಕೊನೆಯ ದಿನ. ಗಂಡ ಒಪ್ಪಲಿಲ್ಲ.

"ಅತ್ತಿಗೆ ಏನು ತಪ್ಪು ಮಾಡಿದ್ರು ಹೇಳು. ಸುಮ್ಮಸುಮ್ಮನೆ ಬೇಡ ಅಂದ್ರೆ ನಾಳೆ ಅಣ್ಣನಿಗೆ ನಾನು ಹೇಗೆ ಮುಖ ತೋರಿಸ್ಲಿ?"

"ಇಡೀ ದಿನ ಮಗು ಕೈಗೆ ಫೋನ್ ಕೊಟ್ಟು ಕೂರಿಸ್ತಾರೆ. ಇಲ್ಲದಿದ್ರೆ ಅಷ್ಟು ಬಟ್ಟೆ ಹೊಲಿಯೋಕೆ ಆಗುತ್ತಾ? ಆ ಮೆಷಿನ್ ಪಕ್ಕದಲ್ಲೇ ಆಡ್ತಾಳೆ ಬೇರೆ. ಮೋಟಾರು ಅಂದ್ರೆ ಸುಮ್ಮನೇನಾ?"

"ಯಾವ ಮೋಟಾರೇ? ಅದು ಕಾಲಲ್ಲಿ ತುಳಿಯೋ ಮೆಷಿನ್ನು. ಅದಕ್ಕೆ ಕರೆಂಟೇ ಇಲ್ಲ!"

ಗಂಡ ನಕ್ಕ. ಅವಳಿಗೆ ಅವಮಾನವಾಯಿತು. ಅಲೆ ಅಳೆಯುವವಳು, ಕಣ್ಣೆದುರಿನ ತುಳಿಯುವ ಮೆಷಿನ್ನಿಗೂ ಮೋಟಾರು ಅಂಟಿಸಿಬಿಟ್ಟಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆದರೂ ಫೋನಿನ ಮಾತು ಸುಳ್ಳಾಗಲಾರದು. ಅದಕ್ಕೆ ಸಾಕ್ಷಿ ಬೇಕು, ಅಷ್ಟೇ.

ಸಾಕ್ಷಿಗೆ ದಾರಿ ತಾನಾಗಿಯೇ ಸಿಕ್ಕಿತು. ಆ ಸೋಮವಾರ ಪೆಟ್ಟಿಗೆ ಕಟ್ಟಿಸಿಕೊಳ್ಳಬೇಕಿದ್ದ ಒಂದು ಮನೆಯವರು ಕೊನೆಯ ಗಳಿಗೆಯಲ್ಲಿ ಬೇಡ ಎಂದರು. ಹಗಲು ತಾಯಿ ಬಿಟ್ಟು ಬೇರೆಯವರ ಹತ್ತಿರ ಇರುವ, ಐದರೊಳಗಿನ ಮಗು ಬೇಕಾಗಿತ್ತು. ಸಿಬ್ಬಂದಿಯ ಮಕ್ಕಳೂ ಆಗಬಹುದೆಂದು ನಿಯಮವಿತ್ತು. ಹೆಸರು ಎಲ್ಲೂ ಬರುವುದಿಲ್ಲ, ಬರೀ ಸಂಖ್ಯೆ. ಹೀಗೆ ಬೊಗಸೆ ಮೂವತ್ತೇಳನೆಯ ಮಗುವಾದಳು. ಪುಸ್ತಕವನ್ನು ಓರಗಿತ್ತಿಯ ಕೈಗೆ ಕೊಡುವಾಗ ಪೆಟ್ಟಿಗೆ ಆಂಟಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಸ್ನಾನ ಬಿಟ್ಟು ಇನ್ಯಾವಾಗ್ಲೂ ಬಿಚ್ಬೇಡಿ ಅಕ್ಕ. ಬಿಚ್ಚಿದ್ರೆ ಬರೀಬೇಕು."

"ಬರೀತೀನಿ ಬಿಡು. ಮೂರು ಹೊತ್ತೂ ಬರೀತೀನಿ," ಎಂದರು ಅವರು ಬಾಯಲ್ಲಿ ಕಚ್ಚಿದ್ದ ದಾರ ತೆಗೆಯದೆ.

ಪೆಟ್ಟಿಗೆಯ ಹಿಂಬದಿಯ ಪುಟ್ಟ ಪರದೆಯಲ್ಲಿ ಗಂಟೆಗಂಟೆಯ ಸರಾಸರಿ ಕಾಣುತ್ತದೆ. ಎರಡು ದಿನ ಮುಗಿಯುವ ಮೊದಲು ನೋಡಬಾರದು ಎಂಬುದು ಕಚೇರಿಯ ಕಟ್ಟುನಿಟ್ಟು. ನೋಡಿದವರು ಮನೆಯವರ ಕಿವಿಗೆ ಹಾಕುತ್ತಾರೆ, ಮನೆಯವರು ನಡವಳಿಕೆ ಬದಲಿಸುತ್ತಾರೆ, ಅಳತೆ ಕೆಡುತ್ತದೆ. ಏಳು ವರ್ಷ ಅವಳು ಆ ನಿಯಮ ಮುರಿದವಳಲ್ಲ. ಮಂಗಳವಾರ ಬೆಳಿಗ್ಗೆ ಮಗು ಹಲ್ಲುಜ್ಜುತ್ತಿರುವಾಗ ನೋಡಿಯೇಬಿಟ್ಟಳು. ಓರಗಿತ್ತಿಯ ಮನೆಯಲ್ಲಿ ಫೋನಿನ ಲೆಕ್ಕ ಹೆಚ್ಚೇನೂ ಇಲ್ಲ. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕು ಎಲ್ಲವೂ ಕುಸಿದು ಸೊನ್ನೆಯ ಹತ್ತಿರ ಬಂದಿತ್ತು. ಎದುರಿಗೇ ಟವರಿರುವ ಮನೆ. ಅಲ್ಲಿ ಸೊನ್ನೆ ಹೇಗೆ ಬಂತು? ಬಿಚ್ಚಿ ಬೀರುವಿನಲ್ಲಿಟ್ಟಿದ್ದಾರೆ! ಆ ಎರಡು ಗಂಟೆ ಮಗುವಿಗೆ ಫೋನ್ ಕೊಟ್ಟದ್ದು ಗೊತ್ತಾಗಬಾರದಲ್ಲ!

ಮಗುವನ್ನೆತ್ತಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

"ಅಕ್ಕ, ನಿನ್ನೆ ಮಧ್ಯಾಹ್ನ ಪೆಟ್ಟಿಗೆ ಬಿಚ್ಚಿಟ್ಟಿದ್ರಾ?"

"ಇಲ್ವಲ್ಲ."

"ಪೆಟ್ಟಿಗೆ ಸುಳ್ಳು ಹೇಳಲ್ಲ ಅಕ್ಕ."

ಓರಗಿತ್ತಿಯ ಕೈಯ ಕತ್ತರಿ ಅರ್ಧ ಬಟ್ಟೆಯಲ್ಲಿ ನಿಂತಿತು. "ಅಂದ್ರೆ ನಾನು ಹೇಳ್ತೀನಿ ಅಂತಾಯ್ತು."

"ನಾನು ಹಾಗೆಲ್ಲಿ ಅಂದೆ?"

"ಅಂದಿಲ್ಲ. ಅನ್ನೋದಕ್ಕೆ ಏನು ಉಳಿಸಿದ್ದೀಯ?" ಅವರು ಮಗುವಿನ ತಲೆ ಸವರಿ, ದನಿ ತಗ್ಗಿಸಿ ಕೇಳಿದರು. "ಮಲಗಿದಾಗ ಆ ಪೆಟ್ಟಿಗೆ ನನ್ನ ಮೈಗೆ ತಾಗ್ತಾ ಇತ್ತು. ಅದಕ್ಕೇನಾದ್ರೂ ಕೆಟ್ಟೋಯ್ತಾ?"

ಅವಳು ಕೇಳಿಸಿಕೊಳ್ಳಲಿಲ್ಲ. ಕಳ್ಳನನ್ನು ಹಿಡಿದ ಉಮೇದಿನಲ್ಲಿದ್ದವಳಿಗೆ ಕಿವಿ ಎಲ್ಲಿಂದ ಬರಬೇಕು? ಕಚೇರಿಗೆ ಹೋಗುತ್ತ ಗಂಡನಿಗೆ ಫೋನ್ ಮಾಡಿ, "ಕಾರಣ ಸಿಕ್ತು" ಎಂದಳು.

ಬುಧವಾರ ಬೆಳಿಗ್ಗೆ ಮಗುವಿನ ಸೊಂಟದಿಂದ ಬಿಚ್ಚಿದ ಪೆಟ್ಟಿಗೆಯನ್ನೂ ಪುಸ್ತಕವನ್ನೂ ಕಚೇರಿಗೆ ತಂದಳು. ಲೆಕ್ಕವನ್ನು ಗಣಕಕ್ಕಿಳಿಸಿ ಓದುವವರು ಒಬ್ಬ ಹಿರಿಯರು. ಅಲೆಮೇಷ್ಟ್ರು ಎಂದು ಎಲ್ಲರೂ ಕರೆಯುತ್ತಿದ್ದರು. ಪರದೆಯ ಮೇಲೆ ಮೂಡುವ ಗೆರೆ ನೋಡಿಯೇ ಮಗು ಬಸ್ಸಿನಲ್ಲಿತ್ತೋ ಮಂಚದ ಕೆಳಗಿತ್ತೋ ಹೇಳಬಲ್ಲ ಮನುಷ್ಯ. ಮೂವತ್ತೇಳು ಯಾರ ಮಗು ಎಂದು ಅವರಿಗೆ ಗೊತ್ತಿರಲಿಲ್ಲ.

"ಬಾರಮ್ಮ, ಇಲ್ನೋಡು. ಎಂಥಾ ಚೆಂದದ ಮಡಿಲ ತಗ್ಗು!"

ಅದು ಅವರಿಬ್ಬರ ಕಸುಬಿನ ಮಾತು. ಪೆಟ್ಟಿಗೆಯನ್ನು ಬಿಚ್ಚಿ ಬೀರುವಿನಲ್ಲಿಟ್ಟರೆ ಗೆರೆ ಸ್ಕೇಲು ಹಿಡಿದು ಎಳೆದಂತೆ ಸಪಾಟಾಗಿ ಓಡುತ್ತದೆ. ಮಗುವನ್ನು ಯಾರಾದರೂ ಅವುಚಿ ಮಲಗಿಸಿಕೊಂಡರೆ ಪೆಟ್ಟಿಗೆ ಎರಡು ಮೈಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಲೆಗಳನ್ನು ಮೈ ತಡೆಯುತ್ತದೆ. ಆಗ ಗೆರೆ ಕೆಳಗಿಳಿದು, ಉಸಿರಿಗೆ ತಕ್ಕಂತೆ ಮೆಲ್ಲಗೆ ತೂಗುತ್ತದೆ. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುತ್ತಿದ್ದವಳೇ ಅವಳು. ಪರದೆಯ ಮೇಲೆ ಸೋಮವಾರದ ಎರಡು ಗಂಟೆ ತೊಟ್ಟಿಲಿನಂತೆ ತೂಗುತ್ತಿತ್ತು.

"ಎರಡು ಗಂಟೆ ಅಲುಗಾಡದೆ ಹಿಡ್ಕೊಂಡಿದ್ದಾಳೆ ಪುಣ್ಯಾತ್ಗಿತ್ತಿ. ಕಾಲು ಜೋಮು ಹಿಡಿದ್ರೂ ಎದ್ದಿಲ್ಲ. ಹೆತ್ತವಳೇ ಇರ್ಬೇಕು ಬಿಡು, ರಜೆ ಹಾಕಿದ್ಲೋ ಏನೋ." ಅಲೆಮೇಷ್ಟ್ರು ಗೆರೆಯನ್ನು ಮುಂದಕ್ಕೆ ಸರಿಸಿದರು. "ಸಂಜೆ ಆರರ ಮೇಲೆ ನೋಡು, ಫೋನಿನ ಗೆರೆ ಗೋಪುರದ ಹಾಗೆ ಎದ್ದಿದೆ. ಮಗು ಪಕ್ಕದಲ್ಲೇ ಕೂತು ಗಂಟೆಗಟ್ಟಲೆ ಯಾರೋ ಮಾತಾಡಿದ್ದಾರೆ. ಸಂಜೆ ಹೊತ್ತು ನೋಡ್ಕೊಳ್ಳೋಕೆ ಯಾರನ್ನೋ ಸಂಬಳಕ್ಕೆ ಇಟ್ಕೊಂಡಿರ್ಬೇಕು, ಪಾಪ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳ ಕೈ ಸೆರಗಿನಡಿಯ ಫೋನಿನ ಮೇಲೆ ಹೋಯಿತು. ಸಂಜೆ ಆರರ ಮೇಲೆ ಮರುದಿನದ ಮನೆಗಳಿಗೆಲ್ಲ ಕರೆ ಮಾಡಬೇಕು. ಸೋಫಾದ ಮೇಲೆ ಕೂತು, ಯಾರದೋ ತಾಯಂದಿರಿಗೆ ಸಮಾಧಾನ ಹೇಳುತ್ತ. ಬೊಗಸೆ ಪಕ್ಕದಲ್ಲೇ ಕೂತು ಮಾತು ಮುಗಿಯಲೆಂದು ಕಾಯುತ್ತಾಳೆ.

"ಎರಡನೇ ದಿನ ತಗ್ಗೇ ಇಲ್ವಲ್ಲ," ಎಂದು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಮಗು ಹೊರಳಾಡಿದೆ, ಎದ್ದಿದೆ, ಮತ್ತೆ ಮಲಗಿದೆ. ಕಣ್ಣು ಮುಚ್ಚಿಲ್ಲ ಅದು. ಏನೋ ಆಗಿದೆ ಆ ಮನೇಲಿ."

ಅವಳು ಪುಸ್ತಕ ತೆರೆದು, ಓರಗಿತ್ತಿ ಬರೆದದ್ದನ್ನು ಮೊದಲ ಸಲ ಓದಿದಳು. ಓರಗಿತ್ತಿಯ ಗುಂಡಗಿನ ಅಕ್ಷರ ಪುಟ ತುಂಬಿತ್ತು. 'ಸೋಮವಾರ, ೨.೦೫: ಮಲಗಿದಳು. ನನ್ನ ಮಡಿಲಲ್ಲಿ. ಎಡಗೈ ಬೆರಳು ಬಾಯಲ್ಲಿ. ೩.೫೫: ಎದ್ದಳು. ಕನಸಲ್ಲಿ ಬಾತುಕೋಳಿ ಬಂತಂತೆ, ಟೋಪಿ ಕೇಳಿತಂತೆ.' ಬೆರಳು ಚೀಪುವುದನ್ನು ಬಿಟ್ಟಿದ್ದಾಳೆಂದು ಅವಳು ಅಂದುಕೊಂಡಿದ್ದಳು. ಬಾತುಕೋಳಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಕೆಳಗೆ ಮಂಗಳವಾರದ್ದು: 'ಚಾಪೆ ಮೇಲೆ ಮಲಗಿಸಿದೆ. ಪೆಟ್ಟಿಗೆ ನನ್ನ ಮೈಗೆ ತಾಗದಂತೆ ದೂರ ಕೂತೆ. ನಿದ್ದೆ ಮಾಡಲಿಲ್ಲ.'

ಅವಳ ಪಾಲಿನ ಸಂಜೆಯ ಸಾಲಿನಲ್ಲಿ ಎರಡೇ ಪದವಿತ್ತು: 'ಮನೆ. ಆಟ.' ಪೆನ್ನು ತೆಗೆದು 'ಆಟ'ವನ್ನು ಹೊಡೆದು ಹಾಕಿ, 'ತಾಯಿ ಫೋನಿನಲ್ಲಿ, ಮಗು ಪಕ್ಕದಲ್ಲಿ' ಎಂದು ಬರೆದಳು. ಮೊದಲ ದಿನದ ಲೆಕ್ಕವನ್ನು ತಾನು ಕದ್ದು ನೋಡಿದ್ದನ್ನೂ, ಮನೆಯವರಿಗೆ ಹೇಳಿದ್ದನ್ನೂ ಅಂಚಿನಲ್ಲಿ ಸೇರಿಸಿದಳು. ಪುಸ್ತಕವನ್ನು ಮೇಷ್ಟ್ರ ಮುಂದಿಟ್ಟಳು.

"ಮೂವತ್ತೇಳು ನನ್ನ ಮಗಳು ಸಾರ್. ಎರಡನೇ ದಿನ ಕೆಡಿಸಿದ್ದು ನಾನೇ."

ಅವರು ಓದಿದರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, "ಮನೆಗೆ ಹೋಗಮ್ಮ. ಗೆರೆ ಎಲ್ಲಿಗೂ ಓಡಿ ಹೋಗಲ್ಲ," ಎಂದರು.

ಎರಡೂಕಾಲಿಗೆ ಅವಳು ಮೇಲಿನ ಮಹಡಿಯ ಬಾಗಿಲಲ್ಲಿದ್ದಳು. ಕೋಣೆಯ ಈ ಮೂಲೆಯಲ್ಲಿ ಓರಗಿತ್ತಿ ಮೆಷಿನ್ ತುಳಿಯುತ್ತಿದ್ದರು. ಆ ಮೂಲೆಯಲ್ಲಿ ಚಾಪೆಯ ಮೇಲೆ ಬೊಗಸೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

"ಪೆಟ್ಟಿಗೆ ಬಿಚ್ಚಾಯ್ತಲ್ಲ ಅಕ್ಕ. ಇನ್ನೂ ಯಾಕೆ ಚಾಪೆ?"

"ಶಿಶುವಿಹಾರದಲ್ಲಿ ಯಾರು ಮಡಿಲಲ್ಲಿ ಮಲಗಿಸ್ತಾರೆ? ನಿನ್ನ ಗಂಡ ಹೇಳ್ದ ನಿನ್ನೆ. ಅಭ್ಯಾಸ ಆಗ್ಲಿ ಅಂತ." ಅವರು ಕಾಲು ನಿಲ್ಲಿಸಲಿಲ್ಲ. "ಅವಳಿಗೆ ಆಗ್ತಿದೆಯೋ ಇಲ್ವೋ. ನನಗಂತೂ ಆಗ್ತಿಲ್ಲ."

ಅರ್ಜಿ ಚೀಲದಲ್ಲೇ ಇತ್ತು. ಇವತ್ತೇ ಕೊನೆಯ ದಿನ, ಶಿಶುವಿಹಾರದಲ್ಲಿ ಮೂರರವರೆಗೆ ಅರ್ಜಿ ತೆಗೆದುಕೊಳ್ಳುತ್ತಾರೆ, ಎರಡು ರಸ್ತೆ ಅಷ್ಟೇ. ಅವಳು ಚಾಪೆಯ ಹತ್ತಿರ ಹೋಗಿ ಕೈಚಾಚಿದಳು. ಮಗು ಅವಳನ್ನು ನೋಡಿತು, ಅವಳ ಹೆಗಲ ಮೇಲಿಂದ ಮೆಷಿನ್ ಕಡೆಗೂ ನೋಡಿತು. ಆ ನೋಟಕ್ಕೆ ಅಳತೆ ಪೆಟ್ಟಿಗೆ ಬೇಕಿರಲಿಲ್ಲ. ಅವಳ ಹೊಟ್ಟೆಯೊಳಗೆ ಬೆಂಕಿ ಇನ್ನೊಮ್ಮೆ ಭಗ್ಗೆಂದಿತು. ಅದನ್ನು ಹಾಗೆಯೇ ಇಟ್ಟುಕೊಂಡು, ಮಗುವನ್ನೆತ್ತಿ ತಂದು ಓರಗಿತ್ತಿಯ ತೊಡೆಯ ಮೇಲಿಟ್ಟಳು.

"ನಾನು ಅಂದದ್ದು ತಪ್ಪು. ನೀವು ಬಿಚ್ಚಿರ್ಲಿಲ್ಲ. ಹಿಡ್ಕೊಳ್ಳಿ ಅಕ್ಕ, ನಿದ್ದೆ ಬಂದಿದೆ ಅವಳಿಗೆ."

ಮೆಷಿನ್ ನಿಂತಿತು. "ನಿನಗೆ ಹೊಟ್ಟೆ ಉರಿಯಲ್ವೇನೇ?" ಎಂದರು ಓರಗಿತ್ತಿ.

"ಉರಿಯುತ್ತೆ. ಉರೀಲಿ ಬಿಡಿ."

ಓರಗಿತ್ತಿ ಮಗುವನ್ನು ಮಡಿಲಿಗೆಳೆದುಕೊಂಡರು. ಮಗುವಿನ ಎಡಗೈ ಬೆರಳು ಆಗಲೇ ಬಾಯಿಗೆ ಹೋಗಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತು, ಗಡಿಯಾರದ ಮುಳ್ಳು ಮೂರು ದಾಟುವವರೆಗೂ ಆ ಎರಡು ಉಸಿರನ್ನು ನೋಡಿದಳು.

ಸಂಜೆ ಆರಕ್ಕೆ ಫೋನನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತಳು. "ಬಾ," ಎಂದು ತೊಡೆ ತಟ್ಟಿದಳು.

ಬೊಗಸೆ ಅನುಮಾನದಿಂದ ನೋಡಿದಳು. "ದೊಡ್ಡಮ್ಮನ ಮಡಿಲು ಮೆತ್ತಗಿದೆ. ನಿಂದು ಬರೀ ಮೂಳೆ."

"ಮೂಳೆನೇ ಇರ್ಲಿ ಬಾರೇ. ಬಾತುಕೋಳಿ ಟೋಪಿ ಕೇಳ್ತಂತಲ್ಲ, ಆಮೇಲೆ ಏನಾಯ್ತು?"

ಮಗುವಿನ ಕಣ್ಣರಳಿತು. "ನಿಂಗೆ ಯಾರು ಹೇಳಿದ್ದು?" ಎನ್ನುತ್ತ ಬಂದು, ಒಮ್ಮೆ ಹೀಗೆ ಒಮ್ಮೆ ಹಾಗೆ ಹೊರಳಿ, ಕೊನೆಗೆ ಮೂಳೆ ಇಲ್ಲದ ಜಾಗ ಹುಡುಕಿಕೊಂಡು ಕೂತಳು. ಅಡುಗೆಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಅಮ್ಮಾ, ಫೋನು."

"ಕೇಳಿಸ್ತು. ಟೋಪಿ ಯಾವ ಬಣ್ಣದ್ದು?"