ಮೂರು ಸಲ ಪಾಲಿಶ್ ಮಾಡಿದ ಸಾಮೆ

ಕಣಕಟ್ಟೆಯಲ್ಲಿ ಸಾಮೆಯ ಹೊಟ್ಟು ಬಿಡಿಸುವ ಮಿಲ್ಲು ಇದ್ದದ್ದು ರುದ್ರಾಣಮ್ಮನದೊಂದೇ. ಹೊಟ್ಟು ಬಿಟ್ಟ ಸಾಮೆ ಮೊದಲಿಗೆ ಮಾಸಲು ಬಣ್ಣಕ್ಕಿರುತ್ತದೆ. ಅದನ್ನು ಕಂಡರೆ ಗಿರಾಕಿಗಳು ಮೂಗು ಮುರಿಯುತ್ತಿದ್ದರು. "ಇನ್ನೊಂದ್ ಸಲ ಪಾಲಿಶ್ ಕೊಡಕ್ಕ, ಮಲ್ಲಿಗೆ ಹೂವಿನಂಗೆ ಬರ್ಲಿ" ಅನ್ನುತ್ತಿದ್ದರು. ಅವಳು ಕೊಡುತ್ತಿದ್ದಳು. ತೌಡೆಲ್ಲ ಉದುರಿ ಕಾಳು ಬೆಳ್ಳಗಾಗುತ್ತಿತ್ತು. ಹನ್ನೆರಡು ವರ್ಷ ಇದೇ ಕೆಲಸ.

ಗಂಡ ಷಡಕ್ಷರಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು, ಅಕ್ಕಿ ಬಿಟ್ಟು ಸಿರಿಧಾನ್ಯ ತಿನ್ನಿ ಎಂದರು. ಮಿಲ್ಲೇ ಮನೆಯದಾಗಿರುವಾಗ ಇನ್ನೇನು ಬೇಕು? ಊರವರಿಗೆ ಎರಡು ಸಲವಾದರೆ, ಗಂಡನ ಸಾಮೆಗೆ ಅವಳು ಮೂರು ಸಲ ಪಾಲಿಶ್ ಕೊಟ್ಟಳು. ಪ್ರೀತಿ ನೋಡಿ! ಅವನೂ "ಔಸ್ದಿ ತಾನೆ, ಇನ್ನೊಂಚೂರ್ ಬಡ್ಸೆ" ಎಂದು ಮೂರು ಹೊತ್ತೂ ಹೊಟ್ಟೆ ತುಂಬ ಉಂಡ. ತೌಡು ಮಾತ್ರ ಕೊಟ್ಟಿಗೆಯ ಎಮ್ಮೆಗೆ ಹೋಯಿತು.

ಎರಡು ವರ್ಷಕ್ಕೆ ಸಕ್ಕರೆ ಇಳಿಯದೆ, ಕಾಲಿಗಾದ ಹುಣ್ಣು ಮಾಯದೆ ಅವನ ಪಾದ ತೆಗೆದರು. ಮಾರನೆಯ ದಿನ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ರುದ್ರಾಣಮ್ಮ ಗಂಡನಿಗೆಂದು ತಂದಿದ್ದ ಊಟದ ಡಬ್ಬಿ ತೆರೆದು ನೋಡಿದಳು.

"ಅಮ್ಮಾ, ಇದ್ರಲ್ಲಿ ನಾರೇ ಇಲ್ವಲ್ಲ. ಎಲ್ಲಾ ತೌಡಲ್ಲೇ ಹೋಗಿದೆ. ಬಿಳಿ ಅನ್ನ ತಿಂದ ಹಾಗೇ ಇದು."

ಅತ್ತೆ ಒನಕೆಯಲ್ಲಿ ಕುಟ್ಟಿದ ಸಾಮೆ ಎಂದೂ ಇಷ್ಟು ಬೆಳ್ಳಗಿರಲಿಲ್ಲ ಎಂಬುದು ರುದ್ರಾಣಮ್ಮನಿಗೆ ಆಗ ನೆನಪಾಯಿತು.

ಸಂಜೆ ಊರಿಗೆ ಬಂದವಳು ನೇರ ಕೊಟ್ಟಿಗೆಗೆ ಹೋದಳು. ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದ ಎಮ್ಮೆ, ನಾಲ್ಕೂ ಕಾಲೂರಿ ನಿಂತು, ತೌಡಿಗಾಗಿ ಅವಳ ಕೈ ನೆಕ್ಕಿತು.