ನೀಲವ್ವನ ಕಲ್ಲಿನ ದೊಡ್ಡಿ

ನಮ್ಮ ಚಿಗವ್ವ ನೀಲವ್ವ ಬರಿಗೈಲಿ ಮನೆಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಹೊಲಕ್ಕೆ ಹೋಗಲಿ, ಇಳಕಲ್ಲಿನ ಸಂತೆಗೆ ಹೋಗಲಿ, ಮದುವೆಗೇ ಹೋಗಲಿ, ಬರುವಾಗ ತಲೆಯ ಮೇಲೊಂದು ಹರಿದ ತಾಡಪತ್ರಿ ಹೊದಿಕೆಯೋ ಮುರಿದ ಬಾಗಿಲೋ ಇರಲೇಬೇಕು. "ಪುಕ್ಕಟ ಬಿದ್ದಿತ್ತವಾ, ಬಿಟ್ಟು ಬರಾಕ ಮನಸಾಗಲಿಲ್ಲ" ಎನ್ನುತ್ತಿದ್ದಳು. ತಂದದ್ದೆಲ್ಲ ಆಡುಗಳ ದೊಡ್ಡಿಗೆ ಸೇರುತ್ತಿತ್ತು.

ಆ ದೊಡ್ಡಿಯ ಮಾಡಿಗೆ ಮೊದಲು ಜೋಳದ ಒಣ ದಂಟು, ಕಣಿಕೆ, ಹೊಚ್ಚಿದ್ದಳು. ಒಂದು ಬೇಸಿಗೆ ಅದಕ್ಕೆ ಕಿಡಿ ಬಿದ್ದು ಎರಡು ಗಬ್ಬದ ಆಡು ಸುಟ್ಟುಹೋದವು. ಆಮೇಲೆ ಹಳೆಯ ತಗಡು ಹಾಕಿದಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ! ತಗಡಿನ ಕೆಳಗೆ ಮರಿಗಳು ನಾಲಿಗೆ ಚಾಚಿ ತೇಕಿದವು, ಕೆಲವು ಮತ್ತೆ ಏಳಲೇ ಇಲ್ಲ. ಸತ್ತ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಅತ್ತದ್ದನ್ನು ಕಂಡು ನಾನೂ ಅತ್ತಿದ್ದೆ.

ಆಗ ಅವಳ ಕಣ್ಣು ಊರಾಚೆಯ ಕಲ್ಲಿನ ಕ್ವಾರಿಯ ಮೇಲೆ ಬಿತ್ತು. ಅಲ್ಲಿ ಒಡಕು ಬಂದ ಕೆಂಪು ಚಪ್ಪಡಿಗಳನ್ನು ರಾಶಿ ಸುರಿದಿರುತ್ತಾರೆ, ಒಯ್ದರೆ ಕೇಳುವವರಿಲ್ಲ. ಗಂಡನ ಬೆನ್ನು ಹತ್ತಿ ಅವನ್ನು ಟ್ರ್ಯಾಕ್ಟರಿನಲ್ಲಿ ತರಿಸಿ, ಕಲ್ಲಿನ ಕಂಬಗಳ ಮೇಲೆ ಸುಮ್ಮನೆ ಹೊದಿಸಿದಳು. ಸಿಮೆಂಟಿಲ್ಲ, ಏನಿಲ್ಲ.

"ಸುಡಂಗಿಲ್ಲ, ಕಾಯಂಗಿಲ್ಲ, ರೊಕ್ಕನೂ ಇಲ್ಲ. ಇನ್ನೇನ್ ಬೇಕ?"

ಖರೆ, ಒಳಗೆ ತಂಪಿತ್ತು. ಆದರೆ ಮಧ್ಯಾಹ್ನ ಕ್ವಾರಿಯಲ್ಲಿ ಬಂಡೆ ಒಡೆಯುವ ಮದ್ದು ಸಿಡಿದಾಗ ನೆಲ ಅದುರುತ್ತಿತ್ತು, ಸಂದಿಗಳಿಂದ ಕಲ್ಲಿನ ಪುಡಿ ಆಡುಗಳ ಬೆನ್ನ ಮೇಲೆ ಉದುರುತ್ತಿತ್ತು. ನಾನು ಬಾಗಲಕೋಟೆಯಿಂದ ಅವಳ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ನಡುವಿನ ಚಪ್ಪಡಿಯ ಒಡಕಿನ ಮೇಲೇ. ಅದು ಉದ್ದವಾಗುತ್ತಿತ್ತು.

"ಚಿಗವ್ವಾ, ಇದನ್ನ ಇಳಿಸಿ ಹುಲ್ಲು ಹೊಚ್ಚು. ಒಂದಿನ ಬೀಳ್ತೈತಿ ನೋಡು."

"ಹುಲ್ಲಂದ್ರ ನನ್ನ ಆಡು ಸುಟ್ಟದ್ದ ಕಣ್ಣಿಗೆ ಕಟ್ಟತೈತಿ ಮಗಳ. ನಮ್ಮ ಬೀರಪ್ಪ ದೇವರು ಬೀಳಾಕ ಬಿಡಂಗಿಲ್ಲ."

"ನಿನ್ನ ಚಪ್ಪಡಿ ಹಿಡಕೊಂಡು ನಿಂದ್ರೂದ ಬೀರಪ್ಪನ ಕೆಲಸೇನು?"

ನಕ್ಕು ನನ್ನ ಬೆನ್ನಿಗೊಂದು ಗುದ್ದಿದಳು. ಮುಂದಿನ ಸಲ ಹೋದಾಗ ಒಡಕು ಕಾಣಲಿಲ್ಲ. ನನ್ನ ಬಾಯಿ ಮುಚ್ಚಿಸಲು ಅದಕ್ಕೆ ಸೆಗಣಿ ಮೆತ್ತಿದ್ದಳು! ಹಟಮಾರಿ ಅಂದರೆ ಹಟಮಾರಿ. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹೋದ ಬೇಸಿಗೆ ಮನೆಯೊಳಗಿನ ಧಗೆ ತಾಳಲಾರದೆ ಅವಳೇ ದೊಡ್ಡಿಯಲ್ಲಿ ಚಾಪೆ ಹಾಸಿ ಮಲಗತೊಡಗಿದ್ದಳು. ನಾನು ಹೋದಾಗ ಮಗ್ಗುಲಲ್ಲಿ ಆಗಷ್ಟೇ ಹುಟ್ಟಿದ ಮರಿಯೊಂದಿತ್ತು. ನಾನು ಒಳಗೆ ಕಾಲಿಡಲಿಲ್ಲ.

"ಹೊರಗ ಬಾ ಚಿಗವ್ವಾ, ನಿನ್ನ ಕಾಲಿಗೆ ಬೀಳ್ತೇನಿ."

"ನಿನಗ ಹುಚ್ಚ ಹಿಡದೈತಿ. ಬಿಸಿಲಾಗ ನಿಂತು ಯಾಕ ಸಾಯ್ತಿ? ಒಳಗ ಬಾ, ತಂಪೈತಿ."

ನಾನು ಬಾಗಲಕೋಟೆಗೆ ಮರಳಿದ ಮರುದಿನ ಮಧ್ಯಾಹ್ನ ಅವಳ ಗಂಡ, ನಮ್ಮ ಕಾಕಾ, ಫೋನ್ ಮಾಡಿದ. ನಡುವಿನ ಚಪ್ಪಡಿ ಬಿದ್ದಿತ್ತು, ಚಿಗವ್ವ ಉಳಿದಿರಲಿಲ್ಲ. ಮದ್ದಿನ ಸದ್ದಿಗೆ ಆಡುಗಳೆಲ್ಲ ಹೊರಗೆ ಓಡಿದ್ದವಂತೆ. ಅವಳೂ ಅವುಗಳ ಹಿಂದೆ ಅಂಗಳಕ್ಕೆ ಬಂದಿದ್ದಳಂತೆ. ಮರಿಗೆ ಇನ್ನೂ ಓಡಲು ಬರುತ್ತಿರಲಿಲ್ಲ. ಅದನ್ನು ತರಲು ತಿರುಗಿ ಒಳಗೆ ಹೋದಳಂತೆ.